ಆಜಿಗೆ ಹೇಳಿದ ಸಿನಿಮಾಗಳು

ಹೋದ ವಾರ ಹುಬ್ಬಳ್ಳಿಗೆ ಹೊರಟಿದ್ದ ಪ್ಯಾಸೆಂಜರ್ ಗಾಡಿ ಗುಂಜಿ ಸ್ಟೇಶನ್ನಿನಲ್ಲಿ ನಿಂತಾಗ ನಾನು ಕಿಟಕಿಯ ಷಟರ್ ಎಳೆದುಬಿಟ್ಟೆ. ಎದುರು ಕುಳಿತಿದ್ದ ಹೆಂಡತಿ, "ಯಾಕ್ರೀ, ಗಾಳಿ ಛಲೋ ಬರಾಕತ್ತಿತ್ತಲ್ಲ?" ಎಂದಳು. "ಮಳಿ ಹನಿ ಒಳಗ ಬರಾಕತ್ತಾವು" ಎಂದೆ. ಹೊರಗೆ ಮಳೆಯೇ ಇರಲಿಲ್ಲ. ಅವಳು ನನ್ನ ಮುಖ ನೋಡಿದಳು. ಗಾಡಿ ನಿಂತದ್ದು ಎರಡು ನಿಮಿಷ. ಐವತ್ತು ದಾಟಿದ ಗಂಡಸು, ಪ್ಲಾಟ್‌ಫಾರ್ಮಿನ ಮೇಲೆ ಒಬ್ಬ ಹುಡುಗಿ ಎಲ್ಲಿ ಕಂಡುಬಿಡುತ್ತಾಳೋ ಎಂದು ಹೆದರಿ ಕತ್ತಲಲ್ಲಿ ಕುಳಿತಿದ್ದೆ. ಥೂ, ಇದೂ ಒಂದು ಬಾಳೇ ಎಂದು ನನಗೇ ಅನ್ನಿಸಿತು.

ಆ ಹುಡುಗಿಯ ಹೆಸರು ವೈಶಾಲಿ. ನಾಲ್ಕು ವರ್ಷದ ಹಿಂದೆ ನನ್ನ ವಿದ್ಯಾರ್ಥಿನಿಯಾಗಿದ್ದಳು. ನಾನು ಬೆಳಗಾವಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಮಾಧ್ಯಮ ಅಧ್ಯಯನ ಕಲಿಸುವವನು. ಕೊನೆಯ ವರ್ಷದವರಿಗೆ ಚಲನಚಿತ್ರ ಪ್ರಕಾರಗಳು ಎಂಬ ವಿಷಯ ನನ್ನದೇ. ಭಯಾನಕ, ಹಾಸ್ಯ, ಪತ್ತೇದಾರಿ, ಕೌಟುಂಬಿಕ ಎಂದು ಸಿನಿಮಾಗಳನ್ನು ಹೇಗೆ ವಿಂಗಡಿಸುತ್ತಾರೆ, ಯಾಕೆ ವಿಂಗಡಿಸುತ್ತಾರೆ ಎನ್ನುವುದು ಪಾಠ. ನಾನು ಅದಕ್ಕೆ ಐದು ಲಕ್ಷಣ ಮಾಡಿಟ್ಟಿದ್ದೆ: ಜಾಗ, ವೇಷ, ಪಾತ್ರ, ಸಂಗೀತ, ಮುಕ್ತಾಯ. ಪಾಳು ಬಂಗಲೆ, ಬಿಳಿ ಸೀರೆ, ಕಿರ್ರೆನ್ನುವ ಬಾಗಿಲು ಬಂದರೆ ಭಯಾನಕ. ಕೂಡು ಕುಟುಂಬ, ಆಸ್ಪತ್ರೆಯ ಹಾಸಿಗೆ, ತಾಯಿಯ ಕಣ್ಣೀರು ಬಂದರೆ ಕೌಟುಂಬಿಕ. ನೋಟ್ಸು ನಾನು ಕೆಲಸಕ್ಕೆ ಸೇರಿದ ವರ್ಷ ಬರೆದದ್ದು. ಹಾಳೆ ಹರಿಯಲು ಶುರುವಾದ ಮೇಲೆ ಟೈಪ್ ಮಾಡಿಸಿದೆನೇ ಹೊರತು ಒಂದು ಸಾಲನ್ನೂ ತಿದ್ದಿರಲಿಲ್ಲ. ಹುಡುಗರು ಬೆನ್ನ ಹಿಂದೆ ನನ್ನನ್ನು 'ಐದು ಲಕ್ಷಣದ ಸರ್' ಅನ್ನುತ್ತಿದ್ದರು. ನಾನು ಅದನ್ನು ಬಿರುದು ಅಂದುಕೊಂಡಿದ್ದೆ.

ಆ ವರ್ಷ ಮಳೆ ಜೂನ್‌ನಲ್ಲೇ ಹಿಡಿದದ್ದು ಬಿಡಲೇ ಇಲ್ಲ. ಖಾನಾಪುರದ ಕಡೆಯಿಂದ ಬರುವ ಮಕ್ಕಳು ತೊಯ್ದು ತೊಪ್ಪೆಯಾಗಿ ಕ್ಲಾಸಿಗೆ ಬರುತ್ತಿದ್ದರು. ವೈಶಾಲಿ ಬೆಳಗಿನ ಗಾಡಿಗೆ ಗುಂಜಿಯಿಂದ ಬಂದು ಕೊನೆಯ ಬೆಂಚಿನಲ್ಲಿ ಕುಳಿತು ಸೀರೆ ಹಿಂಡಿದ ಹಾಗೆ ಓಢಣಿ ಹಿಂಡುತ್ತಿದ್ದಳು. ಅವಳ ಅಪ್ಪ ರೈಲ್ವೆ ಹಳಿಯ ಮೇಲೆ ಕೆಲಸ ಮಾಡುವ ಮರಾಠಿ ಮನುಷ್ಯ, ಅವ್ವ ಬೈಲಹೊಂಗಲ ಕಡೆಯ ಕನ್ನಡದವಳು. ಮನೆಯಲ್ಲಿ ಎರಡೂ ಮಾತು. ತರಗತಿಯಲ್ಲಿ ಮಾತ್ರ ಹುಡುಗಿ ಬಾಯಿ ಬಿಟ್ಟದ್ದೇ ಇಲ್ಲ. ಬರೆಯುವುದೊಂದೇ ಅವಳಿಗೆ ಗೊತ್ತಿತ್ತು. ಎಂ.ಎ. ಮಾಡಬೇಕೆಂಬ ಆಸೆ ಅವಳಿಗಿದೆ, ಆದರೆ ಮೆರಿಟ್‌ನಲ್ಲಿ ಸೀಟು ಸಿಕ್ಕರೆ ಮಾತ್ರ ಓದು ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದಾನೆ ಎನ್ನುವುದು ನನಗೆ ಗೊತ್ತಿತ್ತು. ಗೊತ್ತಿತ್ತು ಅನ್ನುವುದನ್ನು ಇಲ್ಲಿ ಒತ್ತಿ ಹೇಳುತ್ತೇನೆ, ಯಾಕೆಂದರೆ ಆಮೇಲೆ ನಾನು ಗೊತ್ತಿಲ್ಲದವನ ಹಾಗೆ ನಡೆದುಕೊಂಡೆ.

ಆಗಸ್ಟ್‌ನಲ್ಲಿ ಇಂಟರ್ನಲ್ ಪರೀಕ್ಷೆ. ನೀವು ನೋಡಿದ ಒಂದು ಚಿತ್ರದ ಪ್ರಕಾರವನ್ನು ಗುರುತಿಸಿ ವಿಶ್ಲೇಷಿಸಿರಿ, ಹತ್ತು ಅಂಕ ಎಂದು ಪ್ರಶ್ನೆ ಕೊಟ್ಟಿದ್ದೆ. ಎಲ್ಲರೂ ಐದು ಲಕ್ಷಣ ಬರೆದು ಕೈತೊಳೆದುಕೊಂಡಿದ್ದರು. ವೈಶಾಲಿ ಟಿವಿಯಲ್ಲಿ ಮೇಲಿಂದ ಮೇಲೆ ಬರುವ ಒಂದು ದೆವ್ವದ ಸಿನಿಮಾ ತೆಗೆದುಕೊಂಡು ಬೇರೆಯೇ ಏನೋ ಬರೆದಿದ್ದಳು. "ಈ ಚಿತ್ರ ಭಯಾನಕ ಎಂದು ಪೋಸ್ಟರ್ ಹೇಳುತ್ತದೆ. ನಮ್ಮ ಮನೆಯಲ್ಲಿ ಇದು ಹಾಸ್ಯ ಚಿತ್ರ. ನಮ್ಮ ಆಜಿಗೆ, ಅಂದರೆ ಅಪ್ಪನ ತಾಯಿಗೆ, ಮರಾಠಿ ಬಿಟ್ಟರೆ ಬೇರೆ ಮಾತು ತಿಳಿಯುವುದಿಲ್ಲ. ನಾನು ಬಾಜು ಕುಳಿತು ಕಥೆಯನ್ನು ಮರಾಠಿಯಲ್ಲಿ ಹೇಳುತ್ತೇನೆ. ಬಿಳಿ ಸೀರೆಯವಳು ದೆವ್ವ ಎಂದು ಹೇಳಿಲ್ಲ. ಸೊಸೆ ಮುಚ್ಚಿಟ್ಟ ಬೆಲ್ಲವನ್ನು ಹುಡುಕುತ್ತ ತಿರುಗುವ ಅತ್ತೆ ಎಂದು ಹೇಳಿದ್ದೇನೆ. ಆಜಿ ಪ್ರತಿ ಸಲ ನಗುತ್ತಾಳೆ. ಆದ್ದರಿಂದ ಪ್ರಕಾರ ಎನ್ನುವುದು ಚಿತ್ರದ ಒಳಗೆ ಇರುವ ವಸ್ತುವಲ್ಲ. ಅದು ಚಿತ್ರ ಮತ್ತು ನೋಡುವವರ ನಡುವೆ ಆಗುವ ಒಪ್ಪಂದ. ನಡುವೆ ಹೇಳುವವರು ಒಬ್ಬರಿದ್ದರೆ ಒಪ್ಪಂದ ಬದಲಾಗುತ್ತದೆ."

ಇವತ್ತು ಓದಿದರೆ ಮೈ ಜುಮ್ಮೆನ್ನುತ್ತದೆ. ಅವತ್ತು ನನಗೆ ಸಿಟ್ಟು ಬಂತು. ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದ ಐದು ಲಕ್ಷಣದಲ್ಲಿ ಒಂದನ್ನೂ ಮುಟ್ಟದೆ ಈ ಹುಡುಗಿ ನನಗೇ ಪಾಠ ಹೇಳುತ್ತಿದ್ದಾಳಲ್ಲ! ಮರುದಿನ ಪೇಪರನ್ನು ಕ್ಲಾಸಿಗೆ ಒಯ್ದು ಎಲ್ಲರೆದುರು ಓದಿದೆ. ಬರೀ ಓದಲಿಲ್ಲ, ಮುದುಕಿಯ ದನಿ ಮಾಡಿ, ಬೆಲ್ಲ ಹುಡುಕುವ ಅತ್ತೆಯ ಹಾಗೆ ನಡು ಬಗ್ಗಿಸಿ ಓದಿದೆ. ಕ್ಲಾಸು ಹೋ ಎಂದು ನಕ್ಕಿತು. ವೈಶಾಲಿ ಎದ್ದು ನಿಂತಳು. ಮೊದಲ ಸಲ ಅವಳ ದನಿ ಕೇಳಿದೆ.

"ಸರ, ನಗೂದು ಅಳೂದು ಸಿನಿಮಾದಾಗ ಇರೂದಿಲ್ಲರಿ. ಬಾಜು ಯಾರು ಕುಂತು ಹೆಂಗ ಹೇಳತಾರ, ಅದರ ಮ್ಯಾಲೆ ಇರತೈತ್ರಿ."

"ಹಂಗಾದ್ರ ನಾಳೆ ನಿಮ್ಮ ಆಜಿನ್ನ ಕರಕೊಂಡು ಬಾರವಾ. ಆಕಿನ ಪಾಠಾ ಮಾಡ್ಲಿ, ನಾ ನಿನ್ನ ಬಾಜು ಕುಂದರತೇನಿ" ಎಂದೆ. ಮತ್ತೆ ನಗು. ಅವಳು ಕುಳಿತಳು. ಹತ್ತಕ್ಕೆ ಎರಡು ಹಾಕಿ ಕೆಂಪು ಶಾಯಿಯಲ್ಲಿ 'ವಿಷಯಾಂತರ' ಎಂದು ಬರೆದೆ. ಸದಾಶಿವನಗರದ ಮನೆಗೆ ಬಂದು ಹೆಂಡತಿಗೂ ಈ ತಮಾಷೆ ಹೇಳಿದೆ. ಅವಳು ನಗಲಿಲ್ಲ. "ಪಾಪ, ಆಜಿ ಸಲುವಾಗಿ ಹುಡುಗಿ ಎಷ್ಟ ಮಾಡತೈತಿ" ಎಂದು ಚಹಾ ಇಡಲು ಎದ್ದಳು.

ಇದು ಇಲ್ಲಿಗೇ ಮುಗಿದಿದ್ದರೆ ನಾನೊಬ್ಬ ಒರಟು ಮಾಸ್ತರ ಅಷ್ಟೇ ಆಗುತ್ತಿದ್ದೆ. ಬೆಳಗಾವಿಯಲ್ಲಿ ಅಂಥವರಿಗೇನು ಕೊರತೆ? ಆದರೆ ಆ ವರ್ಷ ನನ್ನ ಬಡ್ತಿಯ ಫೈಲು ಪ್ರಾಂಶುಪಾಲರ ಮೇಜಿನ ಮೇಲಿತ್ತು. ಅದರಲ್ಲಿ ಒಂದು ಪ್ರಕಟಿತ ಸಂಶೋಧನಾ ಲೇಖನ ಕಡಿಮೆ ಬಿದ್ದಿತ್ತು. ನವೆಂಬರ್‌ನಲ್ಲಿ ಧಾರವಾಡದಲ್ಲೊಂದು ವಿಚಾರ ಸಂಕಿರಣ, ವಿಷಯ ಸಿನಿಮಾ ಪ್ರಕಾರ ಮತ್ತು ಪ್ರೇಕ್ಷಕ. ಒಂದು ವಾರ ಹಗಲೆಲ್ಲ ಕುಳಿತೆ. ಐದು ಲಕ್ಷಣ ಬಿಟ್ಟು ತಲೆಯಲ್ಲಿ ಏನೂ ಇರಲಿಲ್ಲ. ಎಂಟನೇ ದಿನ ಸ್ಟಾಫ್ ರೂಮಿನ ಕಪಾಟು ತೆಗೆದು, ಪೇಪರಿನ ಕಟ್ಟು ಬಿಚ್ಚಿ, ವೈಶಾಲಿಯ ಉತ್ತರವನ್ನು ನಿಂತಲ್ಲೇ ಮೂರು ಸಲ ಓದಿದೆ. ಆಮೇಲೆ ಮಡಚಿ ಜೇಬಿಗೆ ಹಾಕಿಕೊಂಡೆ.

ಮರುದಿನ ಕಾರಿಡಾರಿನಲ್ಲಿ ಅವಳನ್ನು ನಿಲ್ಲಿಸಿದೆ. "ನಿನ್ನ ಉತ್ತರ ಮತ್ತೊಮ್ಮೆ ನೋಡಿದ್ನಿ. ಮಾರ್ಕ್ಸ್ ಬಗ್ಗೆ ವಿಚಾರ ಮಾಡೂಣು. ಆದ್ರ ನೀ ಬರದದ್ದು ಖರೇನೋ ಸುಳ್ಳೋ ನಾ ಕಣ್ಣಾರೆ ನೋಡಬೇಕಲ್ಲ? ರವಿವಾರ ನಿಮ್ಮ ಮನಿಗೆ ಬರತೇನಿ." ಹುಡುಗಿಯ ಮುಖ ಅರಳಿತು. "ಬರ್ರಿ ಸರ! ಆಜಿಗೆ ಭಾಳ ಖುಷಿ ಆಗತೈತ್ರಿ" ಎಂದಳು. ಕ್ಲಾಸಿನಲ್ಲಿ ಆದದ್ದನ್ನು ಅವಳು ಮರೆತಿದ್ದಳೋ, ಅಥವಾ ನನಗಾಗಿ ಮರೆತವಳ ಹಾಗೆ ಇದ್ದಳೋ.

ಗಣಪತಿ ಹಬ್ಬ ಮುಗಿದ ಮರುವಾರ. ಗುಂಜಿಯಲ್ಲಿ ಇಳಿದಾಗ ಕಾಡಿನ ಅಂಚೆಲ್ಲ ಮೋಡ ಇಳಿದು ಕುಳಿತಿತ್ತು. ವೈಶಾಲಿಯ ಅಪ್ಪ ಕೊಡೆ ಹಿಡಿದು ಸ್ಟೇಶನ್ನಿಗೇ ಬಂದಿದ್ದರು. ಮನೆಯಲ್ಲಿ ಅವ್ವ, "ಬರ್ರಿ ಸರ, ಕುಂದರ್ರಿ, ಎಷ್ಟ ದೂರ ಬಂದ್ರಿ ನಮ್ಮ ಹುಡುಗಿ ಸಲುವಾಗಿ" ಎಂದು ಹಬ್ಬದ ಕರಂಜಿ, ಅವಲಕ್ಕಿ, ಚಹಾ ಒಂದರ ಹಿಂದೊಂದು ತಂದಿಟ್ಟರು. ಆಜಿ ಟಿವಿ ಎದುರು ಗೋಡೆಗೆ ಒರಗಿ ಕುಳಿತಿದ್ದಳು. ಸಣ್ಣ ಜೀವ, ಕಣ್ಣು ಮಾತ್ರ ಚುರುಕು. ನನಗೆ ಮರಾಠಿ ಬರುತ್ತದೆ ಎಂದು ತಿಳಿದ ಮೇಲಂತೂ ನನ್ನ ಕೈ ಬಿಡಲೊಲ್ಲಳು.

ವೈಶಾಲಿ ಒಂದು ಅಳುಬುರುಕ ಸಂಸಾರದ ಸಿನಿಮಾ ಹಚ್ಚಿ ಆಜಿಯ ಬಾಜು ಕುಳಿತಳು. ಪುಸ್ತಕದಲ್ಲಿ ಬರೆಯಲು ಬೇಕು ಎಂದು ಆಜಿಗೆ ಹೇಳಿ ನಾನು ಮೊಬೈಲಿನ ರೆಕಾರ್ಡರ್ ಒತ್ತಿ ಚಾಪೆಯ ಮೇಲಿಟ್ಟೆ. ತೆರೆಯ ಮೇಲೆ ಮಾತು ಕನ್ನಡದಲ್ಲಿ, ಅದರ ಹಿಂದೆ ಅರ್ಧ ಉಸಿರು ತಡೆದು ಅವಳ ಮಾತು ಮರಾಠಿಯಲ್ಲಿ. ಕೊನೆಗೆ ಆಸ್ಪತ್ರೆಯ ಹಾಸಿಗೆಯಲ್ಲಿ ನಾಯಕನ ತಮ್ಮ ಸತ್ತ. ಪಿಟೀಲು ಗೋಳಾಡಿತು, ಡಾಕ್ಟರು ತಲೆಯಾಡಿಸಿದರು, ಮುಖದ ಮೇಲೆ ಬಟ್ಟೆ ಎಳೆದರು. ವೈಶಾಲಿ ನಿಧಾನವಾಗಿ, "ಝೋಪಲಾಯ್ ತೋ, ಆಜಿ. ಲೈ ದಮಲಾ ಹೋತಾ" ಎಂದಳು. ಮಲಗಿದ್ದಾನೆ, ಬಹಳ ದಣಿದಿದ್ದ ಎಂದು. ಆಜಿ ಸಮಾಧಾನದಿಂದ, "ಬರಂ ಝಾಲಂ," ಒಳ್ಳೆಯದಾಯಿತು, ಎಂದು ಕಾಲು ಚಾಚಿದಳು. ಅದೇ ಹೊತ್ತಿಗೆ ಈಳಿಗೆಮಣೆಯ ಮುಂದೆ ಕುಳಿತಿದ್ದ ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಒಂದೇ ಕೋಣೆ, ಒಂದೇ ಸಿನಿಮಾ. ಒಬ್ಬಳಿಗೆ ಸಾವು, ಇನ್ನೊಬ್ಬಳಿಗೆ ನಿದ್ದೆ.

ಆಮೇಲೆ ಪಡಸಾಲೆಯಲ್ಲಿ ವೈಶಾಲಿ ಕಾರಣ ಹೇಳಿದಳು. ಅವಳ ಕಾಕಾ, ಅಂದರೆ ಆಜಿಯ ಸಣ್ಣ ಮಗ, ಜ್ವರ ಬಂದು ಬೆಳಗಾವಿಯ ನೆಹರು ನಗರದ ಕಡೆ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ತೀರಿಕೊಂಡಿದ್ದ. ಆಗಿನಿಂದ ಸಿನಿಮಾದಲ್ಲಿ ಯಾರು ಸತ್ತರೂ ಆಜಿ ಎರಡು ದಿನ ಊಟ ಬಿಡುತ್ತಿದ್ದಳು.

"ನಾ ಆಗ ಸಾಲ್ಯಾಗ ನಾಕನೇ ಇಯತ್ತಾ ಇದ್ನಿರಿ ಸರ. ಒಮ್ಮೆ ತಡೀಲಿಲ್ಲ, ಅಂವ ಸತ್ತಿಲ್ಲ ಆಜಿ, ಮಕ್ಕೊಂಡಾನ ಅಂತ ಹೇಳಿದ್ನಿ. ಆಜಿ ಎದ್ದು ಉಂಡಳು. ಅವತ್ತಿಂದ ಯಾರನ್ನೂ ಸಾಯಾಕ ಬಿಟ್ಟಿಲ್ಲರಿ."

"ಆಜಿಗೆ ಗೊತ್ತಿಲ್ಲೇನು, ನೀ ಸುಳ್ಳ ಹೇಳತಿ ಅಂತ?"

"ಗೊತ್ತೈತೋ ಏನೋ ರೀ. ಅವ್ವನ ಕಣ್ಣಾಗ ನೀರು ನೋಡಿ, ಯಾಕ, ಉಳ್ಳಾಗಡ್ಡಿ ಹೆಚ್ಚಾಕತ್ತಾಳೇನು ಅಂತ ಕೇಳತಾಳ್ರಿ."

ನನ್ನ ಎದೆ ತುಂಬಿ ಬರಬೇಕಿತ್ತು. ತುಂಬಿದ್ದೂ ಖರೆ, ಆದರೆ ಬೇರೆ ಕಾರಣಕ್ಕೆ. ಲೇಖನ ಸಿಕ್ಕಿತು ಎಂದು! ಹೊರಡುವಾಗ ಅವಳ ಅಪ್ಪನೆದುರೇ, "ಮಾರ್ಕ್ಸ್ ಬಗ್ಗೆ ಚಿಂತಿ ಬಿಡ್ರಿ, ಅದು ನನ್ನ ಜವಾಬ್ದಾರಿ" ಎಂದೆ. ಅವರು ಎರಡೂ ಕೈ ಮುಗಿದರು.

ಅಂಕ ತಿದ್ದಬೇಕಾದರೆ ಒಂದು ಅರ್ಜಿ ಬೇಕು. ಮೌಲ್ಯಮಾಪನದಲ್ಲಿ ನನ್ನಿಂದ ತಪ್ಪಾಗಿದೆ ಎಂದು ಬರೆದು, ಸಹಿ ಮಾಡಿ, ಪ್ರಾಂಶುಪಾಲರಿಗೆ ಕೊಡಬೇಕು. ಬರೆದೆ, ಸಹಿಯನ್ನೂ ಮಾಡಿದೆ. ಅವರ ಕೋಣೆಯ ಬಾಗಿಲವರೆಗೆ ಹೋಗಿ ಒಳಗೆ ನೋಡಿದರೆ ಮೇಜಿನ ಮೇಲೆ ನನ್ನ ಬಡ್ತಿಯ ಫೈಲು. ಇದರ ಪಕ್ಕಕ್ಕೇ ನನ್ನ ತಪ್ಪೊಪ್ಪಿಗೆ ಇಡಲೇ? ನಾಳೆ ಕೊಟ್ಟರಾಯಿತು ಎಂದು ಹಿಂದೆ ಬಂದೆ. ನಾಳೆ, ನಾಡಿದ್ದು, ಹಬ್ಬ, ರಜೆ. ಅಂಕಪಟ್ಟಿ ವಿಶ್ವವಿದ್ಯಾಲಯಕ್ಕೆ ಹೋಗುವ ಕೊನೆಯ ದಿನ ಮಧ್ಯಾಹ್ನ ನಾನು ಲೇಖನದ ಅಡಿಟಿಪ್ಪಣಿ ಹಾಕುತ್ತ ಕುಳಿತಿದ್ದೆ. ನೆನಪಿರಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಗಡಿಯಾರ ನೋಡಿದ್ದೆ, ಎರಡು ಸಲ.

ಲೇಖನದಲ್ಲಿ ಅವಳ ಹೆಸರು ಬರಲಿಲ್ಲ. 'ಖಾನಾಪುರ ತಾಲೂಕಿನ ಗ್ರಾಮೀಣ ಯುವತಿಯೊಬ್ಬಳು' ಎಂದು ಬರೆದೆ. ಕ್ಷೇತ್ರಕಾರ್ಯದಲ್ಲಿ ಹೆಸರು ಹೇಳಬಾರದು, ಅದು ಶಿಷ್ಟಾಚಾರ ಎಂದು ನನ್ನ ಮನಸ್ಸಿಗೆ ಸಮಜಾಯಿಷಿ ಕೊಟ್ಟೆ. ಒಪ್ಪಂದದ ಮಾತು, ನಡುವೆ ಹೇಳುವವರು ಇದ್ದರೆ ಒಪ್ಪಂದ ಬದಲಾಗುವ ಮಾತು, ಎಲ್ಲ 'ಈ ಲೇಖಕನ ಪ್ರತಿಪಾದನೆ' ಆಯಿತು. ವಿಚಾರ ಮಾಡಿದವಳು ಉದಾಹರಣೆಯಾದಳು. ಅವಳನ್ನು ನೋಡಿಕೊಂಡು ಬಂದವನು ಪಂಡಿತನಾದ.

ಧಾರವಾಡದಲ್ಲಿ ಚಪ್ಪಾಳೆ ಬಿತ್ತು. ಮುಂದಿನ ಸಾಲಿನಿಂದ ಹಿರಿಯ ಪ್ರಾಧ್ಯಾಪಕಿಯೊಬ್ಬರು ಎದ್ದು, "ತುಂಬಾ ಛಲೋ ವಿಚಾರ. ಆದರೆ ಒಂದು ಮಾತು. ತಾನು ಏನು ಮಾಡುತ್ತಿದ್ದೇನೆ ಅಂತ ಆ ಹುಡುಗಿಗೆ ತಿಳಿದಿದೆಯೇ? ಅವಳೇ ಇದನ್ನು ಹೀಗೆ ಯೋಚಿಸಿರಬಹುದೇ?" ಎಂದು ಕೇಳಿದರು. ದೇವರು ಕೊಟ್ಟ ಅವಕಾಶ ಅದು. ಹೌದು ಮೇಡಂ, ವಿಚಾರ ಅವಳದೇ, ಹೆಸರು ವೈಶಾಲಿ ಅಂದಿದ್ದರೆ ಮುಗಿದಿತ್ತು. ನಾನು ಮೈಕು ಸರಿ ಮಾಡಿಕೊಂಡು, "ಇಲ್ಲ ಮೇಡಂ. ಆಕೆಗೆ ಇದೆಲ್ಲ ತಿಳಿಯುವುದಿಲ್ಲ. ಸಹಜವಾಗಿ ಮಾಡುತ್ತಾಳೆ ಅಷ್ಟೇ" ಎಂದೆ. ಆ ವಾಕ್ಯ ಹೇಳಿದ ನನ್ನ ದನಿ ಈಗಲೂ ಸ್ನಾನ ಮಾಡುವಾಗ, ಶೇವಿಂಗ್ ಮಾಡುವಾಗ ಕೇಳುತ್ತದೆ. ಎಷ್ಟು ವಿನಯದ ದನಿ!

ಲೇಖನ ಅಚ್ಚಿಗೆ ಒಪ್ಪಿತವಾದ ಪತ್ರವೇ ಫೈಲಿಗೆ ಸಾಕಾಯಿತು, ಬಡ್ತಿ ಬಂತು. ಬೇಸಿಗೆಯಲ್ಲಿ ವೈಶಾಲಿಯ ಬ್ಯಾಚಿನ ಪರೀಕ್ಷೆ, ಫಲಿತಾಂಶ ಎಲ್ಲ ಮುಗಿಯಿತು. ಎಂ.ಎ. ಮೆರಿಟ್ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಎಷ್ಟರಲ್ಲಿ ತಪ್ಪಿತು ಎಂದು ಲೆಕ್ಕ ಹಾಕಿ ನೋಡಿದೆ. ನಾನು ಕಡಿದ ಎಂಟು ಅಂಕದಲ್ಲಿ ಅರ್ಧ ಕೊಟ್ಟಿದ್ದರೂ ಸೀಟು ಸಿಗುತ್ತಿತ್ತು. ಆ ದಿನ ಊಟ ಸೇರಲಿಲ್ಲ. ಮರುದಿನ ಸೇರಿತು.

ಜುಲೈನಲ್ಲಿ ಲೇಖನ ಇದ್ದ ಸಂಪುಟ ಅಚ್ಚಾಗಿ ಬಂತು. ಅದೇ ವಾರ ಅವಳ ಫೋನು. "ಸರ, ಆಜಿ ದಿನಾ ಕೇಳತಾಳ್ರಿ, ಮಾಸ್ತರರು ರೆಕಾರ್ಡ್ ಮಾಡಕೊಂಡು ಹೋದ್ರಲ್ಲ, ಪುಸ್ತಕದಾಗ ಬಂತೇನು ಅಂತ. ಬಂದಿದ್ರ ಒಂದ ಸಲ ತೋರಸ್ತೀರೇನ್ರಿ?" ಅಂಚೆಯಲ್ಲಿ ಕಳಿಸಬಹುದಿತ್ತು. ಆದರೆ ಈ ಸಲ ಎದುರಿಗೆ ಕುಳಿತು ಎಲ್ಲ ಹೇಳಿ, ಕ್ಷಮೆ ಕೇಳಿ ಬರುತ್ತೇನೆ ಎಂದು ಶಪಥ ಮಾಡಿ ಗಾಡಿ ಹತ್ತಿದೆ. ಖಾನಾಪುರ ದಾಟುವವರೆಗೆ ಮಾತು ಜೋಡಿಸಿಕೊಂಡೆ.

ಮನೆಯಲ್ಲಿ ಅದೇ ಚಾಪೆ, ಅದೇ ಉಪಚಾರ. ಅಪ್ಪ ಕೆಲಸದ ಬಟ್ಟೆಯಲ್ಲೇ ಇದ್ದರು. "ಮೆರಿಟ್ ಹತ್ತಲಿಲ್ಲ ಬಿಡ್ರಿ ಸರ, ನಸೀಬ. ನೀವಂತೂ ನಿಮ್ಮ ಕಡಿಂದ ಮಾಡಿದ್ರಿ" ಎಂದರು. ವೈಶಾಲಿ ಖಾನಾಪುರದ ಒಂದು ಖಾಸಗಿ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸಲು ಹೋಗುತ್ತಿದ್ದಳಂತೆ. ನಾನು ಜೋಡಿಸಿಕೊಂಡು ಬಂದ ಮಾತು ಬಿಟ್ಟು ಚೀಲದ ಜಿಪ್ಪು ಎಳೆದೆ. ಸಂಪುಟವನ್ನು ಅವಳ ಕೈಗೆ ಕೊಟ್ಟೆ.

ಅವಳು ಕಿಟಕಿಯ ಹತ್ತಿರ ನಿಂತು ಓದಿದಳು. ಹನ್ನೊಂದು ಪುಟ. ಮೂರನೇ ಪುಟಕ್ಕೆ ಅವಳ ಬೆರಳು ನಿಂತಿತು, ಏಳನೇ ಪುಟಕ್ಕೆ ಮತ್ತೆ ನಿಂತಿತು. ಕೊನೆಗೆ ಅಡಿಟಿಪ್ಪಣಿಗಳನ್ನು ಒಂದೊಂದಾಗಿ ನೋಡಿದಳು. ಹುಡುಕುತ್ತಿದ್ದಾಳೆ ಎಂದು ನನಗೆ ತಿಳಿಯಿತು. ಸಿಗುವುದಿಲ್ಲ ಎಂಬುದೂ ತಿಳಿದಿತ್ತು. ಆಜಿ ತಡೆಯಲಾರದೆ, ಮಾಸ್ತರರು ಏನು ಬರೆದಿದ್ದಾರೆ, ಬೇಗ ಹೇಳು ಎಂದು ಮರಾಠಿಯಲ್ಲಿ ಗದರಿದಳು.

ವೈಶಾಲಿ ಬಂದು ಆಜಿಯ ಬಾಜು ಕುಳಿತಳು. ಪುಟ ತೆರೆದು ತೊಡೆಯ ಮೇಲಿಟ್ಟುಕೊಂಡು, ಅದೇ ಸಣ್ಣ ದನಿಯಲ್ಲಿ ಮರಾಠಿಯಲ್ಲಿ ಹೇಳತೊಡಗಿದಳು. ಗುಂಜಿಯಲ್ಲಿ ಒಬ್ಬ ಆಜಿ ಇದ್ದಾಳೆ, ಅವಳ ಮೊಮ್ಮಗಳು ಬಹಳ ಶಾಣ್ಯಾ. ಸಿನಿಮಾ ಹೇಗೆ ನೋಡಬೇಕು ಎಂದು ದೊಡ್ಡ ದೊಡ್ಡವರಿಗೆ ಗೊತ್ತಿಲ್ಲದ್ದು ಅವಳಿಗೆ ಗೊತ್ತು. ಈ ವಿಚಾರ ನನ್ನದಲ್ಲ, ಆ ಹುಡುಗಿಯದು, ನಾನು ಅವಳಿಂದ ಕಲಿತೆ ಎಂದು ಸರ್ ಬರೆದಿದ್ದಾರೆ. ಧಾರವಾಡದಲ್ಲಿ ಎಲ್ಲರೆದುರು ಅವಳ ಹೆಸರು ಹೇಳಿದ್ದಾರೆ. ಒಂದು ತೊದಲಿಲ್ಲ, ಒಂದು ತಡವರಿಕೆಯಿಲ್ಲ. ನನಗೆ ಮರಾಠಿ ಪೂರ್ತಿ ಬರುತ್ತದೆ ಎಂದು ಅವಳಿಗೆ ಗೊತ್ತು. ಒಮ್ಮೆಯೂ ನನ್ನ ಕಡೆ ನೋಡಲಿಲ್ಲ.

ಆಜಿಯ ಮುಖ ಅರಳಿಹೋಯಿತು. ಆಮೇಲೆ ಅವಳು ನನ್ನನ್ನು ನೋಡಿದಳು. ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು. ನನ್ನ ಕಣ್ಣು ಒದ್ದೆಯಾಗಿತ್ತು. ನಾನು ತಲೆ ತಗ್ಗಿಸಿದೆ. ಮುದುಕಿ ಏನು ಓದಿಕೊಂಡಳೋ, ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು ಮೊಮ್ಮಗಳನ್ನು ಕೇಳಿದಳು: "ತುಝಂ ನಾವ್ ಕುಠಂ ಹಾಯ್?" ನಿನ್ನ ಹೆಸರು ಎಲ್ಲಿದೆ, ತೋರಿಸು.

ಆಜಿಗೆ ಓದಲು ಬರುವುದಿಲ್ಲ. ಈಗಲಾದರೂ ಬಾಯಿ ಬಿಡಬೇಕಿತ್ತು ನಾನು. ಬಿಡಲಿಲ್ಲ. ವೈಶಾಲಿ ಮೊದಲ ಪುಟಕ್ಕೆ ತಿರುಗಿಸಿದಳು. ಅವಳ ಬೆರಳು ಲೇಖನದ ಶೀರ್ಷಿಕೆಯ ಕೆಳಗೆ, ದಪ್ಪ ಅಕ್ಷರದಲ್ಲಿದ್ದ ನನ್ನ ಹೆಸರಿನ ಮೇಲೆ ಬಂದು ನಿಂತಿತು.

"ಹೇ ಬಘ್, ಆಜಿ" ಎಂದಳು. ಇಲ್ಲಿ ನೋಡು.

ಆಜಿ ನನ್ನ ಹೆಸರನ್ನು ಒಂದೊಂದೇ ಅಕ್ಷರ ಸವರಿ, ಆ ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು.